ಹುಳಕ್ಕೆ ಹೆದರಿದವನ ತೊಗರಿ

ನಮ್ಮ ವಳಸಂಗದಲ್ಲಿ ನನ್ನಷ್ಟು ದೊಡ್ಡ ಮೀಸೆ ಇನ್ನೊಬ್ಬರಿಗಿಲ್ಲ. ಹಾಯುವ ಎತ್ತಿಗೆ ಮೂಗುದಾರ ಹಾಕಿದ ಗಂಡಸು ನಾನು, ಅಣ್ಣಾರಾಯ. ಆದರೆ ತೊಗರಿ ಕಾಯಿಯಿಂದ ತಲೆ ಹೊರಹಾಕುವ ಹಸಿರು ಹುಳ ಕಂಡರೆ ಕೈಕಾಲು ತಣ್ಣಗಾಗುತ್ತವೆ. ನಮ್ಮ ಹೊಲಕ್ಕೋ, ತೊಗರಿ ಬಿಟ್ಟರೆ ಬೇರೇನೂ ಒಗ್ಗುವುದಿಲ್ಲ.

ಈ ಗುಟ್ಟನ್ನು ಹೆಂಡತಿ ಸಿದ್ದಲಿಂಗವ್ವನಿಗೂ ಹೇಳಿರಲಿಲ್ಲ. ಹೂವು ಬಿಟ್ಟ ಕೂಡಲೇ ಆಳುಗಳಿಂದ ಔಷಧ ಹೊಡೆಸುತ್ತಿದ್ದೆ. ಹುಳ ಕಂಡರೆ ಒಮ್ಮೆ, ಕಾಣದಿದ್ದರೆ ಅನುಮಾನಕ್ಕೆ ಇನ್ನೊಮ್ಮೆ. ನಾನು ಒಡ್ಡಿನ ಮೇಲೆ ನಿಂತು ಕೈ ತೋರಿಸುವ ಸಾಹುಕಾರ. ಔಷಧದ ಖರ್ಚಿಗೆಂದು ತೊಗರಿಯನ್ನೆಲ್ಲ ಮಾರಿ, ಮನೆಗೆ ಬೇಳೆ ಅಂಗಡಿಯಿಂದ ತರುತ್ತಿದ್ದೆ. ಜನ ‘ಸುಧಾರಿಸಿದ ರೈತ’ ಅನ್ನುತ್ತಿದ್ದರು. ನಾನೂ ಮೀಸೆ ತಿರುವುತ್ತಿದ್ದೆ.

ಹೋದ ವರ್ಷ ಮೋಡ ಕವಿದು ನಿಂತು ಹುಳ ಹೆಚ್ಚಿತು. ಔಷಧ ಎಷ್ಟು ಹೊಡೆಸಿದರೂ ಸಾಯಲಿಲ್ಲ. ಪಕ್ಕದ ಹೊಲದ ಕುರಿಗಾರ ಬೀರು ಮನೆಮಂದಿಯೊಡನೆ ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಹುಳ ಬೀಳಿಸುತ್ತಿದ್ದ. ಹಳೆಯ ಪದ್ಧತಿ, ಊರಿಗೆಲ್ಲ ಗೊತ್ತಿದ್ದದ್ದೇ.

“ನಾವೂ ಝಾಡಿಸೂಣ್ರಿ,” ಅಂದಳು ಸಿದ್ದಲಿಂಗವ್ವ. “ನಾ ಗಿಡ ಝಾಡಸ್ತೀನಿ, ನೀವು ತಾಡಪತ್ರಿ ಎಳೀರಿ.”

“ನನಗ ನಡಾ ನೋಯಾಕತ್ತೈತಿ.”

“ನಿನ್ನಿ ಎಮ್ಮಿ ಹಿಂದ ಓಡೂವಾಗ ನೋಯಲಿಲ್ಲೇನ್ರಿ?”

ಮರುದಿನ ಮೋಡ ಚದುರಿತ್ತು; ಸುಡು ಬಿಸಿಲಲ್ಲಿ ರೇನ್‌ಕೋಟು ಹಾಕಿ, ಹೆಲ್ಮೆಟ್ ಏರಿಸಿ, ಕೈಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋದೆ.

“ಕಾಕಾ, ಮಳಿ ಎಲ್ಲೈತ್ರಿ?” ಅಂತ ಬೀರು ಮೇಲೆ ನೋಡಿದ.

ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ಒಂದು ಹುಳ ಕೊರಳಪಟ್ಟಿಯೊಳಗೆ ಇಳಿಯಿತು. ನನ್ನ ಕೂಗಿಗೆ ಬೀರುವಿನ ಕುರಿಗಳು ದಿಕ್ಕಾಪಾಲಾದವು. ರೇನ್‌ಕೋಟು, ಅಂಗಿ ಕಿತ್ತೊಗೆದು, ಬನಿಯನ್ನು-ಹೆಲ್ಮೆಟ್ಟಿನಲ್ಲಿ ಹೊಲ ದಾಟಿ ಓಡಿದೆ. ಹಾವು ಕಚ್ಚಿತೆಂದು ಅಳುತ್ತ ಹಿಂದೆ ಬಂದ ಸಿದ್ದಲಿಂಗವ್ವ, ನಿಜ ತಿಳಿದದ್ದೇ ನೆಲದ ಮೇಲೆ ಕುಳಿತು ನಕ್ಕಳು.

“ಇಷ್ಟ್ ವರ್ಷ ಔಷಧ ಹೊಡಿಸಿದ್ದು ಇದಕ್ಕ ಏನ್ರಿ?”

ತಲೆಯಾಡಿಸಿದೆ. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದೆ.

“ಮದಲ ಹೇಳಬಾರದ? ಕೋಳಿ ತರತಿದ್ದೆ,” ಅಂದಳು.

ತಂದಳು. ಬೀರುವಿನ ಮನೆಯವರೂ ನಾವೂ ಕೂಡಿ ಎರಡೂ ಹೊಲ ಝಾಡಿಸಿದೆವು. ನಾನು ಆಕಾಶ ನೋಡುತ್ತ ತಾಡಪತ್ರಿ ಎಳೆದು ಕೋಳಿಗಳ ಮುಂದೆ ಕೊಡವುತ್ತಿದ್ದೆ. ಬೇಕಾದ್ದನ್ನು ಅವು ಆರಿಸಿ ತಿನ್ನುತ್ತಿದ್ದವು.

ತೊಗರಿ ಚೆನ್ನಾಗಿ ಬಂತು. ಆಮೇಲಿನ ಔಷಧದ ಖರ್ಚು ಉಳಿದಿದ್ದರಿಂದ ಎಲ್ಲವನ್ನೂ ಮಾರುವ ಅವಸರವಿರಲಿಲ್ಲ. ಒಂದಿಷ್ಟು ಬೇಳೆ ಮಾಡಿಸಿ, ಮನೆಗಿಟ್ಟುಕೊಂಡು, ಉಳಿದದ್ದನ್ನು ಅಂಗಡಿಗಿಂತ ಕಡಿಮೆಗೆ ಓಣಿಯವರಿಗೆ ಕೊಟ್ಟೆವು. ಸೇರು ಅಳೆಯುತ್ತ ಸಿದ್ದಲಿಂಗವ್ವ ಬಂದವರಿಗೆಲ್ಲ ನನ್ನ ಓಟದ ಕಥೆ ಹೇಳಿದಳು. ಕೆಲವರು ಕಥೆಗೆಂದೇ ಎರಡನೇ ಸಲ ಬಂದರು.

“ವರ್ಷಾ ಹಿಂಗ ಓಡ್ರಿ, ಯಪ್ಪಾ,” ಅಂದಳು ಎದುರು ಮನೆಯ ಮುದುಕಿ ಹಣಮವ್ವ, ಸೆರಗಿಗೆ ಬೇಳೆ ಸುರಿಸಿಕೊಳ್ಳುತ್ತ. “ಬ್ಯಾಳಿ ಸೋವಿ ಆಗತೈತಿ.”