ದೊಡ್ಡಪ್ಪನ ಹಾಯಿದೋಣಿ ತೇಲಿದ ಕೆರೆ

ನೀವೂ ತಿಪಟೂರು ಸೀಮೆಯಲ್ಲಿ ಹುಟ್ಟಿದವರಾದರೆ, ಒಣಗಿ ಬಿದ್ದ ತೆಂಗಿನ ಹೊಂಬಾಳೆ ಸಿಪ್ಪೆಯನ್ನು ದೋಣಿ ಮಾಡಿ ಕೆರೆಯಲ್ಲಿ ತೇಲಿಬಿಟ್ಟೇ ಇರುತ್ತೀರಿ. ಆಗ ನಮಗೆ ಅದೇ ಆಟ. ಹೊನ್ನವಳ್ಳಿ ಪಕ್ಕದ ನಮ್ಮೂರ ಮಕ್ಕಳಿಗೆ ಮಾತ್ರ ನೋಡಲು ನಿಜವಾದ ಹಾಯಿದೋಣಿಯೂ ಇತ್ತು. ಅದು ನನ್ನ ದೊಡ್ಡಪ್ಪ ರುದ್ರಪ್ಪನವರದು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಅವರು ವ್ಯಾಪಾರಕ್ಕೆಂದು ಕರಾವಳಿಗೆ ಹೋಗಿ, ಹಾಯಿ ಹುಚ್ಚು ಹತ್ತಿಸಿಕೊಂಡು ಬಂದಿದ್ದರು. ಭಾನುವಾರ ಅವರು ಬಿಳಿ ಹಾಯಿ ಬಿಚ್ಚಿದರೆ ಕೆರೆ ಏರಿಯ ಮೇಲೆ ಊರೇ ನಿಲ್ಲುತ್ತಿತ್ತು. ಈಗ ಯಾರಾದರೂ ಅವರನ್ನು ಹೊಗಳಿದರೆ ನನಗೆ ಕೇಳಿಸಿಕೊಂಡು ಕೂರಲಾಗುವುದಿಲ್ಲ.

ಆ ಬೇಸಿಗೆಯಲ್ಲಿ ಅವರು ನನಗೊಂದು ಮಾತು ಕೊಟ್ಟಿದ್ದರು.

"ಮಳೆ ಬಂದು ಕೆರೆ ತುಂಬ್ಲಿ ಕಣೇ ಪುಟ್ಟಿ, ಹಾಯಿ ಹಗ್ಗ ನಿನ್ ಕೈಗೇ ಕೊಡ್ತೀನಿ."

ಅಂದಿನಿಂದ ಅಜ್ಜಿಯ ಎಮ್ಮೆ ಹಗ್ಗವನ್ನೇ ಹಾಯಿ ಹಗ್ಗವೆಂದುಕೊಂಡು ಎಳೆದಾಡಿ ಅಂಗೈ ಕೆಂಪು ಮಾಡಿಕೊಂಡೆ.

ಅದೇ ಬೇಸಿಗೆ ಅವರ ತಲೆಗೆ ತೆಂಗಿನ ನಾರಿನ ವ್ಯಾಪಾರ ಹೊಕ್ಕಿತು. ನಮ್ಮ ಕಡೆ ಕಾಯಿ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾದ ಮೇಲೆಯೇ ಸುಲಿಯುವುದು. ಸುಲಿದ ಸಿಪ್ಪೆ, ಅಂದರೆ ಮಟ್ಟೆ, ಸ್ನಾನದ ನೀರೊಲೆಗೆ ಹೋಗುತ್ತದೆ. ಕರಾವಳಿಯವರು ಮಟ್ಟೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ ನಾರು ತೆಗೆಯುವುದನ್ನು ಇವರು ನೋಡಿದ್ದರು. ಸುತ್ತಲಿನ ಊರುಗಳ ಮಟ್ಟೆಯನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತರಿಸಿ ಬತ್ತಿದ ಕೆರೆ ಅಂಗಳಕ್ಕೆ ಸುರಿಸಿ, ಮೇಲೆ ಕಲ್ಲುಮಣ್ಣು ಹೇರಿಸಿದರು. ಕಡಲ ನೀರು ದಿನಾ ಏರಿ ಇಳಿದು ಕೊಳೆಯನ್ನು ಹೊತ್ತುಕೊಂಡು ಹೋಗುತ್ತದೆಂದು ನಮಗೆ ಕಥೆ ಹೇಳಿದವರೇ ಅವರು. ನಮ್ಮ ಕೆರೆ ನೀರು ಎಲ್ಲಿಗೂ ಹೋಗುವುದಿಲ್ಲವೆಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಕಿರಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಮಳೆ ಬಂತು, ಕೆರೆ ತುಂಬಿತು. ಕೆಲವು ವಾರಗಳಲ್ಲೇ ನೀರು ಕಪ್ಪಾಗಿ, ಕೆಟ್ಟ ಮೊಟ್ಟೆಯ ನಾತ ಮನೆಯೊಳಗೆ ನುಗ್ಗಿತು. ಒಗೆದ ಸೀರೆಯಲ್ಲಿ, ಹಾಸಿದ ಕೌದಿಯಲ್ಲಿ, ಎಲ್ಲೆಲ್ಲೂ ಅದೇ. ಶಾಲೆಯಿಂದ ಬಂದಾಗ ಅಜ್ಜಿ ಕೊಡುತ್ತಿದ್ದ ಕೊಬ್ಬರಿ ಬೆಲ್ಲವೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ಭಾನುವಾರ ನಾನು ಎಲ್ಲರಿಗಿಂತ ಮೊದಲು ಏರಿಯ ಮೇಲಿದ್ದೆ.

ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ, ಹಗ್ಗ ಕೊಟ್ಟರು. ಗಾಳಿ ತುಂಬಿ ಹಾಯಿ ಎಳೆದಾಗ ಒಂದು ಗಳಿಗೆ ಎಲ್ಲ ಮರೆತೆ. ಆಮೇಲೆ ಹೊಟ್ಟೆ ಮೇಲಾದ ಮೀನುಗಳು ದೋಣಿಗೆ ಬಡಿಯತೊಡಗಿದವು. ಊದಿಕೊಂಡಿದ್ದವು, ಕೆಲವಕ್ಕೆ ಕಣ್ಣೇ ಇರಲಿಲ್ಲ. ಹಗ್ಗ ಬಿಟ್ಟು ನಾನು ದೋಣಿಯೊಳಗೇ ವಾಂತಿ ಮಾಡಿಕೊಂಡೆ. ದೊಡ್ಡಪ್ಪ ಸೆಂಟು ಹಾಕಿದ ಕರ್ಚೀಫು ಮೂಗಿಗೆ ಒತ್ತಿಕೊಂಡು ದೋಣಿ ತಿರುಗಿಸಿದರು.

ದಡದಲ್ಲಿ ಅಜ್ಜಿ ಎಮ್ಮೆ ಹಿಡಿದು ನಿಂತಿದ್ದಳು. ಹೆತ್ತ ಮಗನಿಗೆ ಅವಳು ಕೈಮುಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮಟ್ಟೆ ತೆಗೆಸ್ಬುಡಪ್ಪ ರುದ್ರ. ಎಮ್ಮೆ ನೀರ್ನ ಮೂಸೂ ನೋಡ್ತಿಲ್ಲ."

"ನಾರು ಕೈಗೆ ಬರೋಗಂಟ ತಡ್ಕೊ ಕಣವ್ವ," ಎಂದು ಅವರು ಪ್ಯಾಂಟಿಗೆ ಸಿಡಿದಿದ್ದ ಕಪ್ಪು ಒರೆಸಿಕೊಂಡರು.

ಮುಂದಿನ ವಾರ ಏರಿಯ ಮೇಲೆ ಲಾರಿ ಬಂದು ನಿಂತಿತು. ಅಜ್ಜಿಯ ಮಾತು ನಾಟಿತು, ಮಟ್ಟೆ ಹೊರಡುತ್ತದೆ ಎಂದುಕೊಂಡು ಓಡಿದೆ. ಆಳುಗಳು ದೋಣಿ ಎತ್ತಿ ಕಟ್ಟುತ್ತಿದ್ದರು. ಯಾವುದೋ ದೂರದ ಜಲಾಶಯಕ್ಕಂತೆ. ಯಾಕೆ ಎಂದು ಕೇಳಿದ್ದಕ್ಕೆ ದೊಡ್ಡಪ್ಪ ನನ್ನ ಕೆನ್ನೆ ತಟ್ಟಿದರು.

"ಇಲ್ಲಿ ವಾಸ್ನೆ ಕಣೇ ಪುಟ್ಟಿ."

ಆ ಕೈ ಕೆನ್ನೆಗೆ ತಾಗಿದ್ದನ್ನು ನೆನೆದರೆ ಈಗಲೂ ಮುಖ ತೊಳೆದುಕೊಳ್ಳಬೇಕೆನಿಸುತ್ತದೆ. ಅಜ್ಜಿ ಎಮ್ಮೆ ಮಾರಿದಳು. ಕೆರೆ ಒಮ್ಮೆ ಕೆಟ್ಟ ಮೇಲೆ ಊರವರೂ ಕೈಬಿಟ್ಟರು, ಚರಂಡಿಯನ್ನೂ ಅಲ್ಲಿಗೇ ತಿರುಗಿಸಿದರು.

ಮೊನ್ನೆ, ತೀರಿಕೊಂಡ ದೊಡ್ಡಪ್ಪನ ಶಿವಗಣಾರಾಧನೆ ಊರಲ್ಲೇ ಆಯಿತು. ಬಿಳಿ ಹಾಯಿಯ ಕೆಳಗೆ ಅವರು ನಗುತ್ತಿರುವ ದೊಡ್ಡ ಫ್ಲೆಕ್ಸು. ನೀರನ್ನು ಇಷ್ಟು ಪ್ರೀತಿಸಿದ ಜೀವ ಇನ್ನೊಂದಿಲ್ಲ ಎಂದು ಮೈಕಿನಲ್ಲಿ ಯಾರೋ ಹೇಳಿದರು, ಜನ ತಲೆದೂಗಿದರು. ಫೋಟೋದಲ್ಲಿರುವ ಆ ನೀರು ಎಲ್ಲಿದೆ ಎಂದು ನನ್ನ ಮಗಳು ಕೇಳಿದಳು. ಇಲ್ಲೇ, ಪೆಂಡಾಲಿನ ಹಿಂದೆ, ಬಾ ತೋರಿಸುತ್ತೇನೆ ಎಂದು ಎದ್ದೆ. ಅವಳು ಏಳಲಿಲ್ಲ. ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡು, "ಬೇಡಮ್ಮ, ಅಲ್ಲಿ ವಾಸ್ನೆ" ಅಂದಳು.