ಬಾಗಿಲಲ್ಲಿ ಹೆಸರು ಕೇಳಿದ ಮಳೆಗಾಲ

ನಮ್ಮ ಮನೆಯ ಕಂಪ್ಯೂಟರು ನಿನ್ನೆಯಿಂದ ಯಾರ ಹೆಸರನ್ನೂ ಕೇಳುವುದಿಲ್ಲ! ಗುಂಡಿ ಒತ್ತಿದರೆ ಸಾಕು, ಗುರ್ ಎಂದು ಎದ್ದು ನೆಟ್ಟಗೆ ಒಳಗೆ ಕರೆದುಕೊಂಡು ಹೋಗುತ್ತದೆ. ಇದನ್ನು ಮಾಡಿದವಳು ನನ್ನ ಮೊಮ್ಮಗಳು ರೂಪಾ, ಹತ್ತು ವರ್ಷದ ಹುಡುಗಿ. ದೊಡ್ಡವರು ಎಂಟು ದಿನ ತಲೆ ಕೆರೆದುಕೊಂಡರೂ ಆಗದ್ದನ್ನು ಅವಳು ಒಂದು ಬೆರಳಿನಿಂದ ಮಾಡಿದಳು. ನನಗಾದ ಸಂತೋಷಕ್ಕೆ ಓಣಿಯ ನಾಲ್ಕು ಮನೆಗೆ ಸಕ್ಕರೆ ಕೊಟ್ಟು ಬಂದೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಪೆನ್ನು ಹಿಡಿದು ಇಷ್ಟುದ್ದ ಬರೆಯಲು ಕುಳಿತದ್ದೂ ಆ ಸಂತೋಷಕ್ಕೇ. ಬರೆಯುತ್ತ ಬೇರೆ ಕಡೆಗೆ ಹೋಗುತ್ತೇನೆ, ಅದೂ ನನಗೆ ಗೊತ್ತಿದೆ.

ಮೊದಲು ಕಂಪ್ಯೂಟರಿನ ಸುದ್ದಿ ಮುಗಿಸುತ್ತೇನೆ. ನನ್ನ ಮಗ ಮಹಾದೇವ ಬೆಳಗಾವಿಯ ಆಟೋ ನಗರದ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿಗೆ ಗಾಡಿ ರಿಪೇರಿಗೆ ಬರುವ ಒಬ್ಬರು, ಹಳೆಯದಾಯಿತೆಂದು ತಮ್ಮ ಮನೆಯ ಕಂಪ್ಯೂಟರನ್ನು ಇವನಿಗೆ ಕೊಟ್ಟರು. ಮಗ ಅದನ್ನು ಟೆಂಪೋದಲ್ಲಿ, ಕೌದಿಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ತಂದ. ಚಾಲು ಮಾಡಿದರೆ ಪರದೆಯ ನಡುವೆ ಸಣ್ಣ ಚೌಕ. ಮೇಲೆ ಹಳೆಯ ಯಜಮಾನರ ಹೆಸರು, ಕೆಳಗೆ ಗುಟ್ಟಿನ ಮಾತು ಬರೆಯುವ ಜಾಗ. ಆ ಮಾತು ಅವರಿಗೇ ಮರೆತುಹೋಗಿತ್ತು. ನಾವು ಬಿಡಲಿಲ್ಲ. ಅವರ ಹೆಂಡತಿಯ ಹೆಸರು, ಮಕ್ಕಳ ಹೆಸರು, ಮನೆದೇವರ ಹೆಸರು, ಕೊನೆಗೆ ಅವರ ಗಾಡಿಯ ನಂಬರೂ ಆಯಿತು. ಒಳಗೆ ಬಿಡಲಿಲ್ಲ.

ಆ ಚೌಕದಲ್ಲಿ 'ಕ್ಯಾನ್ಸಲ್' ಎಂಬ ಇನ್ನೊಂದು ಗುಂಡಿ ಇತ್ತು. ಅದರ ಹತ್ತಿರ ಯಾರೂ ಹೋಗಲಿಲ್ಲ. ನನ್ನ ಸೊಸೆ ಸುನಂದಾಳ ತವರು ದೇಸೂರು. ಅಲ್ಲಿಯ ರೈಲು ಸ್ಟೇಷನ್ನಿನಲ್ಲಿ ಗಾಡಿ ಕ್ಯಾನ್ಸಲ್ ಎಂದರೆ ಆ ದಿನ ಗಾಡಿಯೇ ಇಲ್ಲ, ಗಂಟು ಹೊತ್ತುಕೊಂಡು ಮನೆಗೆ ವಾಪಸ್ಸು.

"ಅದನ್ನಷ್ಟ ಒತ್ತಬ್ಯಾಡ್ರಿ" ಎಂದು ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. "ಇದ್ದದ್ದೂ ಹೋಗತೈತಿ."

ನಿನ್ನೆ ಶನಿವಾರ, ಅರ್ಧ ದಿನದ ಶಾಲೆ. ರೂಪಾ ಚೀಲ ಇಳಿಸಿದವಳೇ ಕಂಪ್ಯೂಟರ್ ಚಾಲು ಮಾಡಿ ಕ್ಯಾನ್ಸಲ್ ಒತ್ತಿಬಿಟ್ಟಳು.

"ಅಯ್ಯ, ಮುಗೀತು!" ಎಂದು ಸುನಂದಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಮುಗಿದಿರಲಿಲ್ಲ. ಚೌಕ ಹೋಯಿತು, ಪರದೆ ಹಸಿರು ನೀಲಿಯಾಗಿ ತೆರೆದುಕೊಂಡಿತು.

"ಆಯಿ, ಅದು ಸುಮ್ನ ಕೇಳತೈತಿ" ಎಂದಳು ರೂಪಾ ನನ್ನ ಕಡೆ ತಿರುಗಿ. "ಹೇಳಲಿಲ್ಲಂದ್ರೂ ಒಳಗ ಬಿಡತೈತಿ. ನಮ್ಮ ಟೀಚರ್ ಹೇಳಿದ್ರು."

ಅಷ್ಟಕ್ಕೇ ಬಿಡಲಿಲ್ಲ ಹುಡುಗಿ. ಗುಟ್ಟಿನ ಮಾತು ಕೂಡಿಟ್ಟಿದ್ದ ಕಡತ ಎಲ್ಲಿದೆಯೆಂದು ಹುಡುಕಿ ಅಳಿಸಿ, ಬಂದ್ ಮಾಡಿ ಮತ್ತೆ ಚಾಲು ಮಾಡಿದಳು. ಚೌಕ ಬಂತು. ಅವಳು ಏನೂ ಬರೆಯದೆ ಒತ್ತಿದಳು. ಆಮೇಲೆ ಎಷ್ಟು ಸಲ ಚಾಲು ಮಾಡಿದರೂ ಚೌಕ ಬರಲೇ ಇಲ್ಲ.

"ಏನ್ ಬರದಿ?" ಎಂದೆ.

"ಏನೂ ಇಲ್ಲ. ಖಾಲಿ ಬಿಟ್ಟೆ. ಇನ್ನ ಮ್ಯಾಲ ಕೇಳಂಗಿಲ್ಲ ಅದು."

ಕೋಣೆಯ ಮೂಲೆಯಲ್ಲಿ ನಮ್ಮ ವೈನಿ ಕುಳಿತಿದ್ದರು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ತುಳಸಾ. ಕಣ್ಣಿನ ಪೊರೆ ತೆಗೆಸಲು ಖಾನಾಪುರದಿಂದ ಬಂದು ನಾಲ್ಕು ದಿನವಾಗಿತ್ತು. ಒಂದು ಕಣ್ಣಿಗೆ ಹಸಿರು ಬಟ್ಟೆ. ಅವರು ಮಾತಾಡುವುದೇ ಕಡಿಮೆ.

"ಖಾಲಿ ಬಿಟ್ರ ನಡೀತೈತಿ?" ಎಂದರು.

"ನಡೀತೈತಿ ದೊಡ್ಡಾಯಿ."

ವೈನಿ ಇದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದರು. ನಾನು ಸಕ್ಕರೆ ಡಬ್ಬಿ ತರುತ್ತೇನೆಂದು ಅಡುಗೆಮನೆಗೆ ಹೋದೆ.

ಇನ್ನು ನಾನು ಹೋಗುವ ಆ ಬೇರೆ ಕಡೆ. ದೇಶಕ್ಕೆ ಸ್ವಾತಂತ್ರ್ಯ ಬಂದ ಹೊಸದು. ನಾವು ಖಾನಾಪುರದಲ್ಲಿದ್ದೆವು. ನಿಮ್ಮಲ್ಲಿ ವಯಸ್ಸಾದವರಿಗೆ ಆ ದಿನಗಳು ಗೊತ್ತು: ಮಳೆ ಹಿಡಿಯಿತೆಂದರೆ ಬಟ್ಟೆ ಒಣಗುವುದು ಒಲೆಯ ಮೇಲೆಯೇ, ಲಂಗದಿಂದ ಹಿಡಿದು ಹಾಸಿಗೆಯವರೆಗೆ ಎಲ್ಲಕ್ಕೂ ಹೊಗೆಯ ವಾಸನೆ. ಹೊರಗೆ ಆಡುವಂತಿಲ್ಲ. ಒಳಗೆ ಗಜ್ಜುಗ, ಚೌಕಾಬಾರ, ಕೆಂಡದಲ್ಲಿ ಸುಟ್ಟ ಹಲಸಿನ ಬೀಜ. ನನಗೆ ಒಂಬತ್ತು ವರ್ಷ. ಅಣ್ಣ ಪರಶುರಾಮನಿಗೆ ಅದೇ ಬೇಸಿಗೆಯಲ್ಲಿ ಲಗ್ನವಾಗಿತ್ತು. ಹಲಸಿ ಊರಿನಿಂದ ಬಂದ ವೈನಿಗೆ ಹದಿನಾಲ್ಕು.

ನಮ್ಮ ಕಡೆ ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ಗಂಡನ ತಂಗಿ ಅಡ್ಡ ನಿಲ್ಲುತ್ತಾಳೆ. ಗಂಡನ ಹೆಸರನ್ನು ಪ್ರಾಸದ ಒಡಪಿನಲ್ಲಿ ಕಟ್ಟಿ ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ವೈನಿಗೆ ಅವರ ಅವ್ವ ಒಂದು ಒಡಪು ಕಲಿಸಿ ಕಳಿಸಿದ್ದರು. 'ಬೆಳ್ಳಿ ಬಟ್ಟಲದಾಗ ಸಕ್ಕರಿ ಹಾಲ, ಪರಶುರಾಮರ ಮನಿಗೆ ಇಟ್ಟೀನಿ ಕಾಲ.' ಸಕ್ಕರಿ ಹಾಲಿನವರೆಗೆ ಚೆನ್ನಾಗಿಯೇ ಬಂತು. ಅಲ್ಲಿಂದ ಮುಂದೆ "ಪ... ಪ... ಪ..." ಎಂದು ನಿಂತುಬಿಟ್ಟಿತು. ಮಾತಿನ ಮೊದಲಿಗೆ ಆ ಒಂದು ಅಕ್ಷರ ಬಂದರೆ ವೈನಿಗೆ ನಾಲಿಗೆ ತೊದಲುತ್ತಿತ್ತು. ಸೇರಿದ ಹೆಂಗಸರು ನಗಲು ಶುರುಮಾಡಿದರು.

"ಪಾಪಡ ಮಾರಾಕ ಬಂದಾಳ ನೋಡ್ರಿ!" ಎಂದೆ ನಾನು.

ನಗು ಇಮ್ಮಡಿಯಾಯಿತು. ನನ್ನ ಒಂದು ಮಾತಿಗೆ ಅಷ್ಟು ಜನ ನಕ್ಕದ್ದು ಅದೇ ಮೊದಲು. ಕೊನೆಗೆ ನಮ್ಮವ್ವ "ಸಾಕ ಬಿಡ, ಆರತಿ ಆರತೈತಿ" ಎಂದು ನನ್ನ ಕೈ ಸರಿಸಿ ಸೊಸೆಯನ್ನು ಒಳಗೆ ಕರೆದುಕೊಂಡಳು.

ಹೊಸ್ತಿಲ ಹೆಸರು ಒಂದೇ ದಿನದ ಶಾಸ್ತ್ರ. ನಾನು ಅದನ್ನು ದಿನಾ ಮಾಡಿದೆ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳು, ನನ್ನ ಮಾತಿಗೆ ನಾಯಿ ಸಹ ಏಳುತ್ತಿರಲಿಲ್ಲ. ಈಗ ನನ್ನ ಕೈ ಅಡ್ಡ ಬಂದರೆ ನಿಲ್ಲುವ ಒಬ್ಬಳು ಸಿಕ್ಕಿದ್ದಳು. ವೈನಿ ಬಾವಿಯಿಂದ ನೀರು ತಂದಾಗ, ಸೊಂಟದಲ್ಲಿ ಕೊಡ, ತಲೆಯ ಮೇಲೆ ಕೊಡ, ನಾನು ಬಾಗಿಲಿಗೆ ಎರಡೂ ಕೈ ಚಾಚಿ ನಿಲ್ಲುತ್ತಿದ್ದೆ.

"ಹೆಸರ ಹೇಳು, ಒಳಗ ಬಾ."

"ಚಂಪೂ, ಬಿಡs. ಕೊಡ ಭಾರ ಆಗೈತಿ."

"ಹೇಳು ಮತ್ತ."

"ಪ... ಪ..."

"ಅಕ್ಕಿ ಪಾಪಡೋ, ಉದ್ದಿನ ಪಾಪಡೋ?"

ಓಣಿಯ ಹುಡುಗಿಯರೂ ಅವರನ್ನು 'ಪಾಪಡ ವೈನಿ' ಎಂದು ಕರೆಯತೊಡಗಿದರು. ಅವ್ವ ಒಲೆಯ ಮುಂದೆ ಕುಳಿತೇ ನಗುತ್ತಿದ್ದಳು. ಅಪ್ಪ ಮನೆಯ ಮಾತಿಗೆ ತಲೆ ಹಾಕುತ್ತಿರಲಿಲ್ಲ. ಅಣ್ಣ ಕಂಬಳಿ ಕೊಪ್ಪಿ ಹಾಕಿಕೊಂಡು, ಕೇಳಿಯೂ ಕೇಳದವನಂತೆ ಗದ್ದೆಗೆ ಹೊರಟುಬಿಡುತ್ತಿದ್ದ.

ಹಾಗೆಂದು ವೈನಿ ನನ್ನ ಮೇಲೆ ಸಿಟ್ಟಾಗುತ್ತಿರಲಿಲ್ಲ. ನನ್ನ ತಲೆ ಬಾಚುತ್ತಿದ್ದರು. ತವರಿಗೆ ಹೋಗಿ ಬಂದರೆ ಸೆರಗಿನ ಗಂಟಿನಲ್ಲಿ ಕರಚಿಕಾಯಿ ಕಟ್ಟಿಕೊಂಡು ಬಂದು "ಚಂಪೂ, ಯಾರಿಗೂ ಹೇಳಬ್ಯಾಡ" ಎಂದು ನನ್ನೊಬ್ಬಳಿಗೇ ಕೊಡುತ್ತಿದ್ದರು. ನಾನು ಅದನ್ನು ತಿಂದು ಬಾಯಿ ಒರೆಸಿಕೊಂಡು ಮತ್ತೆ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ.

ಸ್ವಲ್ಪ ದಿನಕ್ಕೆ ವೈನಿ ಬೇರೆ ದಾರಿ ಹುಡುಕಿಕೊಂಡರು. ದನದ ಕೊಟ್ಟಿಗೆಯ ಹಿಂದೆ, ಸಗಣಿ ಹೊರಗೆ ಹಾಕಲು ಒಂದು ಗಿಡ್ಡ ಬಾಗಿಲಿತ್ತು. ಬಗ್ಗಿ, ಕೊಡವನ್ನು ನೆಲದ ಮೇಲೆ ಸರಿಸಿ, ಆ ಬಾಗಿಲಿನಿಂದ ಒಳಗೆ ಬರತೊಡಗಿದರು. ಅಲ್ಲಿ ಯಾರೂ ಹೆಸರು ಕೇಳುವುದಿಲ್ಲವಲ್ಲ! ನಾನು ಮುಂಬಾಗಿಲಲ್ಲಿ ಕಾದದ್ದೇ ಬಂತು. ನನಗೆ ಮೋಸವಾಯಿತೆಂದು ಅನ್ನಿಸಿತು. ಖರೇ ಹೇಳುತ್ತೇನೆ, ನನ್ನದೇನೋ ಕದ್ದರೆಂದು ಅನ್ನಿಸಿತು.

ಭತ್ತದ ನಟ್ಟಿಯ ದಿನ ಬಂತು. ದೊಡ್ಡವರೆಲ್ಲ ಬೆಳಗಾಗುತ್ತಲೇ ಗದ್ದೆಗೆ ಹೋದರು. ಮನೆಯಲ್ಲಿ ನಾನು, ವೈನಿ. ಮಧ್ಯಾಹ್ನ ವೈನಿ ನನಗಾಗಿ ಕೆಂಡದಲ್ಲಿ ಹಲಸಿನ ಬೀಜ ಹೂತಿಟ್ಟು ನೀರಿಗೆ ಹೋದರು. ಅವರು ಬಾವಿ ಮುಟ್ಟುವುದರೊಳಗೆ ಮಳೆ ಬಂತು. ಎದುರಿನ ಮನೆ ಕಾಣದಂಥ ಮಳೆ. ನಾನು ಮೊದಲು ಕೊಟ್ಟಿಗೆಯ ಬಾಗಿಲಿಗೆ ಅಗಳಿ ಹಾಕಿದೆ. ಆಮೇಲೆ ಮುಂಬಾಗಿಲು ಹಾಕಿದೆ.

ಅವರು ಹಿಂದೆ ಹೋದದ್ದು ಕೇಳಿಸಿತು. ತಿರುಗಿ ಮುಂದೆ ಬಂದದ್ದೂ ಕೇಳಿಸಿತು.

"ಹೆಸರ ಹೇಳು, ತಗೀತೀನಿ" ಎಂದು ಒಳಗಿನಿಂದ ಕೂಗಿದೆ.

"ಚಂಪೂ, ತಗೀs. ಭಾಳ ಥಂಡಿ ಆಗತೈತಿ."

"ಹೆಸರ!"

ಹೊಸ ಸೊಸೆ, ತೊಯ್ದ ಸೀರೆಯಲ್ಲಿ ಪಕ್ಕದ ಮನೆಗೆ ಹೋಗುವಂತಿಲ್ಲ. ಹೋದರೆ ಊರೆಲ್ಲ ಮಾತು. ನಮ್ಮ ಕಟ್ಟೆಗೆ ಸೂರಿದ್ದರೂ ಗಾಳಿಮಳೆ ಗೋಡೆಯವರೆಗೆ ಹೊಡೆಯುತ್ತಿತ್ತು. ವೈನಿ ಅಲ್ಲೇ ನಿಂತು ಒಡಪು ಶುರುಮಾಡಿದರು. ಬೆಳ್ಳಿ ಬಟ್ಟಲ, ಸಕ್ಕರಿ ಹಾಲ. ಪ... ಪ... ಮತ್ತೆ ಮೊದಲಿನಿಂದ. ಮತ್ತೆ ಪ... ಮುಚ್ಚಿದ ಬಾಗಿಲಿನ ಮುಂದೆ ಒಬ್ಬರೇ ಎಷ್ಟು ಸಲ ಹೇಳಿದರೋ. ನಾನು ಒಲೆಯ ಮುಂದೆ ಕುಳಿತು ಬೀಜ ಸುಲಿದು ತಿಂದೆ, ಬೆಚ್ಚಗೆ ನಿದ್ದೆ ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಅವ್ವ ಬಂದು ಬಾಗಿಲು ಬಡಿದಳು. "ನಿದ್ದಿ ಹತ್ತಿತ್ತವ್ವ" ಎಂದು ಕಣ್ಣು ತಿಕ್ಕುತ್ತ ತೆಗೆದೆ. ವೈನಿ ಕಟ್ಟೆಯ ಮೂಲೆಯಲ್ಲಿ ಮುದುಡಿ ಕುಳಿತಿದ್ದರು. ತುಟಿ ನೀಲಿಯಾಗಿತ್ತು.

"ನೀರ ತಾ ಅಂದ್ರ ಮಳ್ಯಾಗ ಆಡಕೋತ ಕುಂತೀಯಲ್ಲs! ಒಲಿ ಯಾರ ಹಚ್ಚಬೇಕು, ನಿಮ್ಮಪ್ಪ ಬರತಾನೇನು?" ಎಂದು ಅವ್ವ ಅವರನ್ನೇ ಬೈದಳು.

ವೈನಿ ನನ್ನ ಮುಖ ನೋಡಿದರು. ಸೆರಗು ಹಿಂಡಿಕೊಂಡು ಒಲೆಯ ಮುಂದೆ ಹೋಗಿ ಕುಳಿತರು.

ಆ ರಾತ್ರಿಯಿಂದ ಜ್ವರ. ನಾಗರಪಂಚಮಿ ಬಂದು ಹೋಯಿತು, ಇಳಿಯಲಿಲ್ಲ. ಮೊಣಕಾಲು ಮುಟ್ಟುತ್ತಿದ್ದ ಕೂದಲು ಹಿಡಿ ಹಿಡಿಯಾಗಿ ಉದುರಿ ಬೋರಂಗಿ ಹುಳದಷ್ಟು ತುರುಬು ಉಳಿಯಿತು. ಎದ್ದು ಓಡಾಡುವಂತಾದ ದಿನ ನನಗೆ ತಾಟು ಹಾಕಿ, "ಊಟಕ್ಕ ಬರ್ರಿ" ಎಂದರು.

ಯಾರಿಗೆ ಅಂದರೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಅವ್ವನಿಗೆ ಹಿಗ್ಗೋ ಹಿಗ್ಗು. "ನೋಡ್ರಿ, ಒಂಬತ್ತು ವರ್ಷದ ನಾದಿನಿಗೂ ರೀ ಅಂತಾಳ ನನ್ನ ಸೊಸಿ! ಇದಕ್ಕಂತಾರ ಸಂಸ್ಕಾರ" ಎಂದು ಬಂದವರ ಮುಂದೆಲ್ಲ ಹೇಳಿದಳು. ನಾನು ಎರಡು ದಿನ ಅವರ ಹಿಂದೆ ಹಿಂದೆ ತಿರುಗಿದೆ. "ವೈನಿ, ಚಂಪೂ ಅನ್ನು. ವೈನಿ, ಒಮ್ಮೆ ಅನ್ನು" ಎಂದೆ. "ಕೆಲಸ ಐತ್ರಿ, ಅತ್ತಾಗ ಸರೀರಿ" ಎಂದರು. ನಾನು ಬಾಗಿಲಿಗೆ ಅಡ್ಡ ನಿಲ್ಲುವುದನ್ನು ಬಿಟ್ಟೆ. ಆದರೆ ಅದನ್ನು ಯಾರೂ ಗಮನಿಸಲಿಲ್ಲ.

ಐವತ್ತು ವರ್ಷದ ಮೇಲಾಯಿತು. ನನ್ನ ಲಗ್ನವಾಗಿ ಬೆಳಗಾವಿಗೆ ಹೊರಟಾಗ ಉಡಿ ತುಂಬಿ "ಹೋಗಿ ಬರ್ರಿ" ಎಂದರು. ನನ್ನ ಯಜಮಾನರು ತೀರಿಕೊಂಡಾಗ ಪಕ್ಕದಲ್ಲಿ ಕುಳಿತು "ಸಮಾಧಾನ ಮಾಡ್ಕೋರಿ" ಎಂದರು. ಎಂದೂ ಒಂದು ಕೆಟ್ಟ ಮಾತಿಲ್ಲ. ಎಂಥ ಮರ್ಯಾದೆಯ ಹೆಂಗಸು ಎಂದು ಬೀಗರೆಲ್ಲ ಹೊಗಳುತ್ತಾರೆ. ಅಪ್ಪ ಹೋದ, ಅವ್ವ ಹೋದಳು, ಅಣ್ಣನೂ ಹೋದ. ನನ್ನನ್ನು ಚಂಪೂ ಎಂದು ಕರೆಯಬಲ್ಲವರು ಭೂಮಿಯ ಮೇಲೆ ಈಗ ಒಬ್ಬರೇ ಇದ್ದಾರೆ, ಅವರು ಕರೆಯುವುದಿಲ್ಲ. ವೈನಿ ಈ ಸಲ ವಾಪಸ್ಸು ಹೋಗುವ ಮೊದಲು ಕೇಳಿಯೇಬಿಡಬೇಕು, ತಪ್ಪಾಯಿತು ಎನ್ನಬೇಕು ಎಂದು ನಿನ್ನೆ ಸಕ್ಕರೆ ಹಂಚುತ್ತಲೇ ಗಟ್ಟಿ ಮಾಡಿಕೊಂಡೆ. ಸಂತೋಷದ ದಿನ, ಇಂಥ ದಿನ ಯಾರೂ ಇಲ್ಲ ಎನ್ನುವುದಿಲ್ಲ ಅಂದುಕೊಂಡೆ.

ಸಂಜೆ ಗೋಧಿ ಹುಗ್ಗಿ ಮಾಡಿದೆವು. ರೊಟ್ಟಿ, ಎಣ್ಣೆಗಾಯಿ ಬದನೆ. ಮಹಾದೇವ, ಸುನಂದಾ, ರೂಪಾ, ವೈನಿ ಸಾಲಾಗಿ ಕುಳಿತರು. ನಾನು ಬಡಿಸುತ್ತಿದ್ದೆ.

"ಅವ್ವಾ, ನಿನ್ನ ಮೊಮ್ಮಗಳು ಇನ್ನ ನಮ್ಮ ಗ್ಯಾರೇಜಿನ ಗಾಡೀನೂ ಕೀಲಿ ಇಲ್ಲದ ಚಾಲು ಮಾಡತಾಳ ನೋಡು" ಎಂದ ಮಹಾದೇವ. ಎಲ್ಲರೂ ನಕ್ಕರು. ವೈನಿಯೂ ನಕ್ಕರು. ಅದನ್ನು ನೋಡಿ ನನಗೆ ಧೈರ್ಯ ಬಂತು.

"ವೈನಿ" ಎಂದೆ, "ಖಾನಾಪುರದಾಗ ನಾ ಒಮ್ಮೆ ನಿಮ್ಮನ್ನ ಮಳ್ಯಾಗ ಹೊರಗ ಹಾಕಿ ಬಾಗಲಾ ಹಾಕಿದ್ದೆ. ಹುಡುಗಬುದ್ಧಿ. ಒಳಗ ನಿದ್ದಿ ಹತ್ತಿಬಿಟ್ಟಿತ್ತು. ಹೊಟ್ಟ್ಯಾಗ ಹಾಕ್ಕೋರಿ."

ವೈನಿ ರೊಟ್ಟಿ ಮುರಿದರು. ಪಲ್ಯ ಹಚ್ಚಿಕೊಂಡರು.

"ನಿದ್ದಿ ಹತ್ತಿರಲಿಲ್ಲರಿ ನಿಮಗ" ಎಂದರು. "ಬಾಗಲದ ಸಂದಿ ಕೆಳಗ ನಿಮ್ಮ ಲಂಗದ ಅಂಚು ಕಾಣತಿತ್ತು. ಬಾಗಲಕ್ಕ ಆನಿಸಿ ಕುಂತಿದ್ರಿ."

ಮೇಲೆ ನಾನು ನಿದ್ದೆ ಹತ್ತಿತು ಎಂದು ಬರೆದಿದ್ದೇನೆ. ಇಷ್ಟು ವರ್ಷ ಹಾಗೆಯೇ ಹೇಳಿಕೊಂಡು ಬಂದವಳು, ಕೈ ಅದನ್ನೇ ಬರೆಯಿತು. ಹೊಡೆದುಹಾಕುವುದಿಲ್ಲ, ಇರಲಿ. ನಾನು ಎಚ್ಚರವಿದ್ದೆ. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ಅವರು ಎಷ್ಟನೇ ಸಲಕ್ಕೆ ಸುಮ್ಮನಾಗುತ್ತಾರೆ ಎಂದು ಎಣಿಸುತ್ತಿದ್ದೆ.

"ಖರೇನ ಆಯಿ?" ಎಂದಳು ರೂಪಾ.

"ಖರೇ" ಎಂದೆ.

ಹುಡುಗಿ ನನ್ನನ್ನು ನೋಡುತ್ತಲೇ ಇದ್ದಳು. ಸುನಂದಾ ಅವಳ ತಾಟಿಗೆ ಇನ್ನಷ್ಟು ತುಪ್ಪ ಹಾಕಿ, "ಉಣ್ಣು" ಎಂದು ಮೆಲ್ಲಗೆ ಹೇಳಿದಳು. ನಾನು ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದೆ. ವೈನಿ ಸ್ವಲ್ಪ ಸರಿದು ತಮ್ಮ ಪಕ್ಕದಲ್ಲಿ ಜಾಗ ಮಾಡಿದರು.

"ನಿಂತೀರ್ಯಾಕ? ಕುಂದರ್ರಿ" ಎಂದರು. "ಹುಗ್ಗಿ ಆರತೈತಿ. ಉಣ್ರಿ."

ಕುಳಿತೆ. ಐದೂ ಜನ ಕೂಡಿ ಉಂಡೆವು.