ಕಾರಮಡೈ ಗೇಟಿನಲ್ಲಿ ಕಾರು ಮಾತು ಬಿಟ್ಟದ್ದು

ಈಚಿನ ಕಾರುಗಳಿಗೆ ಸ್ಟಿಯರಿಂಗ್ ಕೆಳಗೆ ಒಂದು ಕಿಂಡಿ ಇರುತ್ತದೆ. ಮೆಕ್ಯಾನಿಕ್ ಅಲ್ಲಿಗೆ ಅಂಗೈಯಗಲದ ಯಂತ್ರವೊಂದನ್ನು ಸಿಕ್ಕಿಸಿ, ಎಲ್ಲಿ ನೋವು ಎಂದು ಕಾರನ್ನೇ ಕೇಳುತ್ತಾನೆ. ಕಾರು ಪರದೆಯ ಮೇಲೆ ಅಂಕಿ ಮೂಡಿಸಿ ಹೇಳುತ್ತದೆ. ಮೊನ್ನೆ ನನ್ನ ಕಾರು ಏನನ್ನೂ ಹೇಳಲಿಲ್ಲ. ಮೆಕ್ಯಾನಿಕ್ ಯಂತ್ರ ಬದಲಿಸಿ ನೋಡಿದ, ತಟ್ಟಿ ನೋಡಿದ, ಕೊನೆಗೆ ಕಾರಿನ ಮೆದುಳೇ ಹೋಗಿದೆ ಎಂದು ತೀರ್ಪು ಕೊಟ್ಟ. "ಆ ಕಿಂಡಿಗೆ ಕರೆಂಟು ಬರುತ್ತಾ, ಅರ್ತ್ ಸರಿಯಾಗಿದೆಯಾ, ಅದನ್ನ ಮೊದಲು ನೋಡಪ್ಪಾ" ಎಂದೆ. ನೋಡಿದರೆ ಅರ್ತ್ ವೈರು ಕಳಚಿಕೊಂಡಿತ್ತು. ಅವನು ನನ್ನನ್ನು ಬಲು ಗೌರವದಿಂದ ನೋಡಿದ. ಗೌರವ ನನಗೆ ಸಲ್ಲಬೇಕಾದದ್ದಲ್ಲ, ನನ್ನ ಹೆಂಡತಿ ವಸಂತಾಳಿಗೆ. ಈ ಮಾತನ್ನು ಧೈರ್ಯವಾಗಿ ಬರೆಯಬಲ್ಲೆ. ತಮಿಳುನಾಡಿನ ಮೆಟ್ಟುಪಾಳ್ಯದ ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡುವವರೇ, ಓದಬಲ್ಲವನು ಮಾತ್ರ ನಾನೊಬ್ಬನೇ.

ಎಂಬತ್ತರ ದಶಕದ ಮಾತು. ಮಂಡಿಯಲ್ಲಿ ಅಡಿಕೆ ವ್ಯಾಪಾರ ಮಾಡುತ್ತಿದ್ದ ನಾನು ಹಳೆಯ ಕಾರೊಂದನ್ನು ಕೊಂಡಿದ್ದೆ. ವಸಂತಾ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಬಂದು, ನಮ್ಮ ಮನೆಯ ಸಾಂಬಾರಿನ ಕುದಿಬಿಂದು ನೋಡಿಕೊಂಡಿದ್ದಳು. ಕೊಯಮತ್ತೂರಿನ ಪೀಳಮೇಡಿನ ಕಾಲೇಜೊಂದರಿಂದ ಅವಳಿಗೆ ಪಾಠ ಹೇಳುವ ಕೆಲಸದ ಸಂದರ್ಶನಕ್ಕೆ ಕರೆ ಬಂತು. ಮದುವೆಯಾದ ಮೇಲೆ ಬಂದ ಮೊದಲ ಕರೆ. ಬಂಧುಗಳಲ್ಲಿ ಅರ್ಧ ಜನ ಮೂಗು ಮುರಿದರು. ನಾನು ಮೂಗು ಮುರಿಯಲಿಲ್ಲ, ತಮಾಷೆ ಮಾಡಿದೆ. ಯಾರಾದರೂ ಗಂಭೀರವಾಗಿ ಏನಾದರೂ ಕೇಳಿದರೆ ನನ್ನ ಬಾಯಿಂದ ತಮಾಷೆಯೇ ಬರುತ್ತದೆ.

"ಬಸ್ಸಲ್ಲೇ ಪೋಯ್ಕೊತೀನಿ" ಎಂದಳು ವಸಂತಾ. "ಮನೇಲಿ ವಂಡಿ ಇಟ್ಕೊಂಡು ಬಸ್ಸಾ?" ಎಂದು ನಾನೇ ಹಟ ಹಿಡಿದೆ. ಕಾರು ಆಗ ಮದುಮಗಳಂತೆ ಇತ್ತೆನ್ನಿ. ಆಯುಧಪೂಜೆ ಮುಗಿದು ಬಹಳ ದಿನ ಆಗಿರಲಿಲ್ಲ. ನಮ್ಮ ಕಡೆ ಆಯುಧಪೂಜೆಗೆ ಬರಿಯ ಹೂವು, ಚಂದನ ಸಾಲದು. ಮಗ್ಗ, ಮೋಟಾರು, ಕತ್ತರಿ, ಕುಡುಗೋಲು ಎಲ್ಲವನ್ನೂ ಬಿಚ್ಚಿ, ತೊಳೆದು, ಹೊಸ ಬಣ್ಣ ಬಳಿದೇ ದೇವರ ಮುಂದೆ ನಿಲ್ಲಿಸಬೇಕು. ನೆಗಮದಲ್ಲಿ ಸೀರೆ ನೇಯುತ್ತಿದ್ದ ನನ್ನ ತಾತ ತುಕ್ಕು ಕಂಡರೆ ಊಟ ಬಿಡುತ್ತಿದ್ದರಂತೆ. ಆ ರಕ್ತವೇ ನನ್ನದೂ. ಬಾನೆಟ್ ಎತ್ತಿ, ಬ್ಯಾಟರಿ ಇಳಿಸಿ, ಒಳಗಿನ ಪ್ರತಿಯೊಂದು ಬೋಲ್ಟು ಬಿಚ್ಚಿ, ಸಂದುಗೊಂದು ಬಿಡದೆ ಬೆಳ್ಳಿಬಣ್ಣ ಬಳಿದು ಮತ್ತೆ ಜೋಡಿಸಿದ್ದೆ. "ವೆಳ್ಳಿ ಕೊಡ ಮಾದ್ರಿ ಮಿನುಗ್ತೈತೆ ಕಣಪ್ಪಾ" ಎಂದು ಅವ್ವ ದೃಷ್ಟಿ ತೆಗೆದಿದ್ದಳು.

ಅಂಥ ಬೆಳ್ಳಿಕೊಡ ಕಾರಮಡೈ ಹತ್ತಿರದ ರೈಲ್ವೆ ಗೇಟಿನಲ್ಲಿ ನಿಂತಿತು. ಗೇಟು ಹಾಕಿತ್ತು, ಪೆಟ್ರೋಲು ಉಳಿಯಲೆಂದು ಇಂಜಿನ್ ಆಫ್ ಮಾಡಿದೆ. ರೈಲು ಹೋಯಿತು, ಗೇಟು ಏರಿತು. ಕೀಲಿ ತಿರುಗಿಸಿದರೆ ಉಸಿರಿಲ್ಲ. ಹಾರ್ನು ಇಲ್ಲ, ದೀಪ ಇಲ್ಲ. ಹಿಂದೆ ಲಾರಿಗಳ ಸಾಲು ಒಂದೇ ಸಮ ಅರಚುತ್ತಿತ್ತು. "ಸಾರ್, ವಂಡಿಯ ಓರಂ ತಳ್ಳುಂಗ!" ಎಂದು ಲಾರಿ ಡ್ರೈವರೊಬ್ಬ ಕೂಗಿ, ತಾನೇ ಇಳಿದು ಬಂದು ಹೆಗಲು ಕೊಟ್ಟು ಕಾರನ್ನು ಪಕ್ಕಕ್ಕೆ ತಳ್ಳಿ ಹೊರಟುಹೋದ. ವಸಂತಾ ಕೊಯಮತ್ತೂರಿನ ಬಸ್ಸಿಗೆ ಕೈ ಅಡ್ಡ ಹಿಡಿದಳು. ಮುಹೂರ್ತದ ದಿನ, ಬಾಗಿಲಲ್ಲೂ ಜನ ಜೋತಾಡುತ್ತಿದ್ದರು, ಬಸ್ಸು ನಿಲ್ಲಲಿಲ್ಲ. ಅವಳು ಗಡಿಯಾರ ನೋಡಿಕೊಂಡಳು. ಹತ್ತಕ್ಕೆ ಸಂದರ್ಶನ, ಒಂಬತ್ತು ಆಗಲೇ ದಾಟಿತ್ತು. ನಾನು ಬಾನೆಟ್ ಎತ್ತಿದೆ.

ಆಗಿನ ಕಾಲದಲ್ಲಿ ಕಾರನ್ನು ಮಾತಾಡಿಸಲು ನಮ್ಮ ಬಳಿ ಇದ್ದದ್ದು ಟೆಸ್ಟ್ ಲ್ಯಾಂಪು. ಪುಟ್ಟ ಬಲ್ಬು, ಎರಡು ವೈರು. ಒಂದರ ತುದಿಯ ಕ್ಲಿಪ್ಪನ್ನು ಕಾರಿನ ಮೈಗೆ ಕಚ್ಚಿಸಿ, ಇನ್ನೊಂದರ ಸೂಜಿಯನ್ನು ಅಲ್ಲಲ್ಲಿ ಚುಚ್ಚಿ ನೋಡುವುದು. ದೀಪ ಹತ್ತಿದರೆ ಅಲ್ಲಿ ಕರೆಂಟು ಇದೆ. ಕ್ಲಿಪ್ಪು ಕಚ್ಚಿಸಿ ಫ್ಯೂಸಿಗೆ ಚುಚ್ಚಿದೆ, ಹತ್ತಲಿಲ್ಲ. ಸ್ವಿಚ್ಚಿಗೆ ಚುಚ್ಚಿದೆ, ಇಲ್ಲ. ಬ್ಯಾಟರಿಗೇ ಚುಚ್ಚಿದೆ, ಅಲ್ಲೂ ಇಲ್ಲ. ನಾಡಿ ಸಿಗದಿದ್ದರೆ ವೈದ್ಯ ರೋಗಿಯನ್ನು ಅನುಮಾನಿಸುತ್ತಾನೆ, ತನ್ನ ಬೆರಳನ್ನಲ್ಲ. ನಾನೂ "ಬ್ಯಾಟರಿ ಸತ್ತುಹೋಯ್ತು" ಎಂದು ಘೋಷಿಸಿ, ಸುಮ್ಮನಿರಲಾರದೆ, "ಸಂದರ್ಶನ ಇಲ್ಲೇ ಆಗ್ಲಿ, ಗೇಟ್‌ಕೀಪರ್ ಪ್ರಶ್ನೆ ಕೇಳ್ತಾನೆ" ಎಂದೆ.

ವಸಂತಾ ನಗಲಿಲ್ಲ. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ಆ ತಮಾಷೆಯನ್ನು ವಾಪಸು ನುಂಗುವಂತಿದ್ದರೆ ಎಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಹತ್ತಿರ ಬಂದಳು.

"ದೀಪ ನಲ್ಲಾ ಇದೆಯಾ, ಸರಿಯಿದೆಯಾ ಅಂತ ಮೊದ್ಲು ಪಾರ್ತ್ರಾ? ಕೊಡಿ ಇಲ್ಲಿ."

ಕ್ಲಿಪ್ಪನ್ನು ಬ್ಯಾಟರಿಯ ಒಂದು ತಲೆಗೆ, ಸೂಜಿಯನ್ನು ಇನ್ನೊಂದು ತಲೆಗೆ ಇಟ್ಟಳು. ದೀಪ ಧಗ್ಗನೆ ಹತ್ತಿತು. ಬ್ಯಾಟರಿಯೂ ಬದುಕಿತ್ತು, ದೀಪವೂ ಬದುಕಿತ್ತು. ಆಮೇಲೆ ಕ್ಲಿಪ್ಪನ್ನು ಕಾರಿನ ಮೈಗೆ ಹಿಡಿದಳು. ಹತ್ತಲಿಲ್ಲ. ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದು, ಬರಿಯ ಕಬ್ಬಿಣಕ್ಕೆ ಕಚ್ಚಿಸಿದಳು. ಆಗಲೂ ಇಲ್ಲ.

"ಬ್ಯಾಟರಿಗೂ ಬಾಡಿಗೂ ತೊಡರ್ಪೇ ಇಲ್ಲ, ನಡುವೆ ಕನೆಕ್ಷನ್ ತಪ್ಪಿದೆ" ಎಂದು, ಬ್ಯಾಟರಿಯಿಂದ ಕಾರಿನ ಮೈಗೆ ಬರುವ ಅರ್ತ್ ಪಟ್ಟಿಯನ್ನು ಬೆರಳಲ್ಲೇ ಹಿಂಬಾಲಿಸಿದಳು. ಅದು ಮುಗಿಯುವ ಬೋಲ್ಟು ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಿಚ್ಚಿದೆವು. ಪಟ್ಟಿಯ ಅಡಿಗೂ ಬೆಳ್ಳಿಬಣ್ಣ, ಅದು ಕೂರುವ ಜಾಗಕ್ಕೂ ಬೆಳ್ಳಿಬಣ್ಣ. ಇಷ್ಟು ದಿನ ಬೋಲ್ಟಿನ ತಿರುಪಿನ ಸುರುಳಿಯ ಮೂಲಕ ಹೇಗೋ ಕರೆಂಟು ನುಸುಳುತ್ತಿತ್ತು. ಮೇಲೆ ನಾಲ್ಕು ಮಳೆ ಬಿದ್ದು ತೇವಕ್ಕೆ ಅದೂ ಬಂದಾಗಿತ್ತು.

"ಸಾಮಿಗೆ ಪೆಯಿಂಟ್ ಅಡಿಸಿದ್ರಾ, ಕರೆಂಟಿಗೆ ಅಡಿಸಿದ್ರಾ?" ಎಂದಳು. ನಾನು ಬಣ್ಣ ಕೆರೆಯತೊಡಗಿದೆ. ಬೆವರು ಕಣ್ಣಿಗಿಳಿಯುತ್ತಿತ್ತು, ಸ್ಪ್ಯಾನರು ಜಾರುತ್ತಿತ್ತು, ಅವಳು ಸಣ್ಣಗೆ "ಸೀಕ್ರಂ, ಸೀಕ್ರಂ" ಎಂದು ಅವಸರ ಮಾಡುತ್ತಿದ್ದಳು. ಬಿಗಿದು ಕೀಲಿ ತಿರುಗಿಸಿದೆ. ಕಾರು ಗುಡುಗಿತು.

ಆಮೇಲೆ ಪೀಳಮೇಡಿನವರೆಗೆ ನಾನು ಹೇಗೆ ಓಡಿಸಿದೆನೆಂದು ದಯವಿಟ್ಟು ಕೇಳಬೇಡಿ. ತಲುಪಿದಾಗ ಅವಳ ಹೆಸರು ಕೂಗಿ ಮುಂದೆ ಹೋಗಿದ್ದರು. ಕಡೆಯವಳಾಗಿ ಕರೆಯುತ್ತೇವೆ, ಸಮಯ ಉಳಿದರೆ, ಎಂದರು. ನಾನು ಹೊರಗೆ ಬೇವಿನ ಮರದಡಿ ಕುಳಿತು, ನನಗೆ ಪರಿಚಯವಿಲ್ಲದ ದೇವರುಗಳಿಗೂ ಕೈಮುಗಿದೆ.

ಊಟದ ಹೊತ್ತು ಮೀರಿ ಅವಳು ಹೊರಬಂದಳು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ಕಾರು ಊರು ದಾಟಿದ ಮೇಲೆ ಹೇಳಿದಳು.

"ತಿಂಗಳ್‌ಕಿಳಮೆ ಬಂದು ಸೇರ್ಕೋ ಅಂದ್ರು."

ಸೋಮವಾರ! ನನ್ನ ಎದೆ ಹಿಗ್ಗಿತು, ಬಾಯಿ ಮಾತ್ರ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. "ಹಂಗಂದ್ರೆ ಸಾಂಬಾರಿಗೆ ಉಪ್ಪು ಹಾಕೋ ಸಂದರ್ಶನ ನನಗೆ ಯಾವಾಗ?"

"ಅದು ಆಮೇಲೆ. ನಾನು ಹೋಗೋದು ನಿಮಗೆ ಇಷ್ಟಾನಾ?"

ಇನ್ನೊಂದು ತಮಾಷೆ ನಾಲಿಗೆಯ ತುದಿಗೆ ಬಂದಿತ್ತು, ಒಳ್ಳೆಯದೇ. ತಡೆದೆ. "ಇಷ್ಟಾನೇ, ವಸಂತಾ" ಎಂದೆ. "ಆದ್ರೆ ನೀ ನನಗಿಂತ ದೊಡ್ಡೋಳಾಗ್ಬಿಟ್ರೆ ಅಂತ ಪಯಾನೂ ಇದೆ, ಹೆದ್ರಿಕೆ."

ಅವಳು ಕಿಟಕಿಯ ಕಡೆಯಿಂದ ನನ್ನತ್ತ ತಿರುಗಿದಳು. "ನನಗೂ ಪಯಾನೇ" ಎಂದಳು. "ಒಳಗೆ ಕೂತಿದ್ದಾಗ ಓದಿದ್ದೆಲ್ಲಾ ಮರ್ತೋಯ್ತು ಅನ್ನಿಸ್ತು." ಅಲ್ಲಿಂದ ಮೆಟ್ಟುಪಾಳ್ಯದವರೆಗೆ ಅವಳು ಮಾತು ನಿಲ್ಲಿಸಲಿಲ್ಲ. ಮದುವೆಯಾದಾಗಿನಿಂದ ನಾನು ಅವಳನ್ನು ನಗಿಸಿಕೊಂಡೇ ಬಂದಿದ್ದೆ. ಮಾತಾಡಿಸಿದ್ದು ಅಂದೇ ಮೊದಲು.